ಹೊಸ್ತಿಲಾಚೆ ನಿಲ್ಲುವ ಮನುಷ್ಯ

"ನೋಡಿದ್ಯಾ? ಈಗಲಾದ್ರೂ ನೋಡಿದ್ಯಾ? ನಾನು ಹೇಳಿರ್ಲಿಲ್ವಾ!" ಶೌಫಾ ಪಿಸುಗುಟ್ಟಿದಳು.

ಅವಳೂ ಗೆಳತಿ ಮೌಜಾಳೂ ದೀವಿಹಲಸಿನ ಮರದ ಹಿಂದೆ ಮುದುರಿ ಕೂತಿದ್ದರು. ಆಚೆ ಅಫೀಫ್ ಎಂಬ ಮನುಷ್ಯ ಶೌಫಾಳ ಮನೆಯ ಗೇಟಿಗೆ ಎರಡು ಟ್ಯೂನಾ ಮೀನು ನೇತುಹಾಕುತ್ತಿದ್ದ. ತೆಂಗಿನ ಗರಿಯ ಸೀಳಿನಲ್ಲಿ ಕಟ್ಟಿದ ತಾಜಾ ಮೀನು. ನೇತುಹಾಕಿದವನು ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ, ತಲೆ ತಗ್ಗಿಸಿ ಸರಸರನೆ ಹೊರಟೇಹೋದ.

"ಮೀನು ಕೊಡೋರು ಕಳ್ಳರು ಹೇಗಾಗ್ತಾರೇ?" ಮೌಜಾ ಕೇಳಿದಳು. ಅವಳ ಕಣ್ಣು ಮೀನಿನ ಮೇಲೇ ಇತ್ತು.

"ಕೊಡೋರು ಕರೆದು ಕೊಡ್ತಾರೆ. ಹೀಗೆ ಕದ್ದುಮುಚ್ಚಿ ನೇತುಹಾಕಿ ಓಡಲ್ಲ. ಈ ವಾರ ಇದು ಮೂರನೇ ಸಲ ಗೊತ್ತಾ?"

"ನಮ್ಮ ಗೇಟಿಗೂ ಯಾರಾದ್ರೂ ಹೀಗೆ ಹಾಕಿದ್ರೆ ಚೆನ್ನಾಗಿತ್ತು."

"ನಿಂಗೆ ತಿನ್ನೋದು ಬಿಟ್ಟು ಬೇರೇನೂ ಗೊತ್ತಿಲ್ಲ!"

ಅಫೀಫ್ ಬೇರೆ ದ್ವೀಪದವನು. ಹಳೆಯ ದೋಣಿಗಳ ರಿಪೇರಿಗೆಂದು ನಾಲ್ಕು ತಿಂಗಳ ಹಿಂದೆ ಈ ದ್ವೀಪಕ್ಕೆ ಬಂದ ಬಡಗಿ. ಊರಿನವರೆಲ್ಲ ಅವನನ್ನು ಒಳ್ಳೆಯವನು ಎನ್ನುತ್ತಿದ್ದರು. ಊರಿನವರಿಗೇನು, ಅವರು ಶೌಫಾಳ ಹಾಗೆ ಕಣ್ಣಿಟ್ಟು ಕಾದಿರಲಿಲ್ಲ.

ಅವಳ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಫೀಫನ ಲೆಕ್ಕವೆಲ್ಲ ಇತ್ತು. ಬೆಳಿಗ್ಗೆ ಅಮ್ಮ ಪೊರಕೆ ಹಿಡಿದು ಬೀದಿಯ ಮರಳು ಗುಡಿಸಲು ಹೊರಟರೆ ಅವನು ಎದುರಿಗೆ ಬರುತ್ತಾನೆ, ಕಂಡ ಕೂಡಲೇ ಪಕ್ಕದ ಓಣಿಗೆ ತಿರುಗಿಬಿಡುತ್ತಾನೆ. ಅಮ್ಮನ ಜೊತೆ ಮಾತಾಡಬೇಕಾದರೆ ಗೋಡೆ ನೋಡುತ್ತಾನೆ, ಇಲ್ಲವೇ ಕಾಲಬೆರಳು ನೋಡುತ್ತಾನೆ. ಹೋದ ವಾರವಂತೂ ಅಡುಗೆಮನೆಯ ಕಿಟಕಿ ಸರಿಮಾಡಲು ಬಂದಾಗ ಧೋ ಎಂದು ಮಳೆ ಬಂತು. ಮನೆಯೊಳಗೆ ಅಮ್ಮ ಒಬ್ಬಳೇ, ಶೌಫಾ ಇದೇ ಮರದ ಹಿಂದೆ ಅಡಗಿ ನೋಡುತ್ತಿದ್ದಳು.

"ಬಾಗಿಲ ಒಳಗಾದ್ರೂ ಬಂದು ನಿಲ್ಲಿ" ಎಂದು ಅಮ್ಮ ಒಳಗಿನಿಂದಲೇ ಹೇಳಿದ್ದಳು.

"ಬೇಡ ಟೀಚರ್, ಇಲ್ಲೇ ಆರಾಮಾಗಿದೀನಿ."

ಆರಾಮ! ಅಂಗಿ ಮೈಗೆ ಅಂಟಿ, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಪ್ಪು ಮಾಡದವನು ಹಾಗೆ ನೆನೆಯುತ್ತಾನೆಯೇ? ಒಳಗೆ ಬರಲು ಹೆದರುವವನ ಹೊಟ್ಟೆಯಲ್ಲಿ ಏನೋ ಇರಲೇಬೇಕು. ಶೌಫಾ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದು ಎರಡು ಗೆರೆ ಎಳೆದಳು: "ಡೌಟ್!"

ಆ ಏನೋ ಏನೆಂದು ಗುರುವಾರ ಗೊತ್ತಾಯಿತು.

ಶಾಲೆಯಿಂದ ಬಂದಾಗ ಅಮ್ಮ ತೂಗುಮಂಚದ ಮೇಲೆ ಕೂತು ರಾಜಧಾನಿ ಮಾಲೆಯಲ್ಲಿರುವ ಮಾವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಶೌಫಾ ಬಾಗಿಲ ಸಂದಿಯಲ್ಲೇ ನಿಂತಳು.

"ಇಲ್ಲ ಅಣ್ಣಾ, ಶೌಫಾಗೆ ಇನ್ನೂ ಹೇಳಿಲ್ಲ... ಹೇಗೆ ಹೇಳ್ಲಿ?... ಅಫೀಫ್ ಒಳ್ಳೆಯವರು. ನೀನು ಬಂದು ಕೂತು ಮಾತಾಡು. ಅಲ್ಲೀವರೆಗೂ ಒಂದು ಮಾತೂ ಬೇಡ ಅಂದಿದಾರೆ."

ಹಾಗಾದರೆ ಅಫೀಫ್ ಕದಿಯಲು ಬಂದಿದ್ದು ವಸ್ತುವನ್ನಲ್ಲ. ಅಮ್ಮನನ್ನು!

ಎರಡು ವರ್ಷದ ಹಿಂದೆ ಅಪ್ಪ ತಲಾಖ್ ಕೊಟ್ಟು, ಒಂದು ಬ್ಯಾಗು ಹಿಡಿದು ದೋಣಿ ಹತ್ತಿದ್ದ. ಈಗ ಅವನಿಗೆ ಬೇರೆ ದ್ವೀಪದಲ್ಲಿ ಬೇರೆ ಹೆಂಡತಿ, ಒಂದು ಪುಟ್ಟ ಮಗು. ಹಬ್ಬಕ್ಕೆ ಫೋನ್ ಮಾಡುತ್ತಾನೆ, ಮಗು ಅತ್ತರೆ ಇಟ್ಟುಬಿಡುತ್ತಾನೆ. ಇನ್ನು ಅಮ್ಮನೂ ಬ್ಯಾಗು ಹಿಡಿದು ದೋಣಿ ಹತ್ತಿದರೆ? ಅವತ್ತು ಶೌಫಾಗೆ ಊಟ ಸೇರಲಿಲ್ಲ. ತಟ್ಟೆಯಲ್ಲಿದ್ದದ್ದು ಅವನು ತಂದ ಮೀನೇ.

"ಯಾಕೆ ಪುಟ್ಟಾ, ಹೊಟ್ಟೆನೋವಾ?" ಅಮ್ಮ ಹಣೆ ಮುಟ್ಟಿ ನೋಡಿದಳು.

"ಏನಿಲ್ಲ" ಎಂದಳು ಶೌಫಾ. ತಲೆಯಲ್ಲಿ ಆಗಲೇ ಒಂದು ಪ್ಲಾನ್ ಓಡುತ್ತಿತ್ತು.

ಊರಿನ ನಿಯಮ ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದ ಮಕ್ಕಳೇ ಇಲ್ಲ. ಮದುವೆಯಾಗದ ಗಂಡಸು ಹೆಂಗಸು ಇಬ್ಬರೇ ಒಂದು ಬಾಗಿಲ ಒಳಗೆ ಇರುವ ಹಾಗಿಲ್ಲ. ಕಳೆದ ವರ್ಷ ಹಿಂದಿನ ಬೀದಿಯ ನಶ್ವಾಳ ಮನೆಯಲ್ಲಿ ಬೇರೆ ದ್ವೀಪದ ಹುಡುಗನೊಬ್ಬ ಹಾಗೆ ಸಿಕ್ಕಿಬಿದ್ದಿದ್ದ. ಮರುದಿನವೇ ಅವನನ್ನು ದೋಣಿ ಹತ್ತಿಸಿ ಕಳಿಸಿದ್ದರು. ಮತ್ತೆ ಅವನು ಈ ಕಡೆ ತಲೆ ಹಾಕಿರಲಿಲ್ಲ.

ಅಷ್ಟೇ ಬೇಕಿದ್ದದ್ದು ಶೌಫಾಗೆ.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದಿತ್ತು. ಎದುರುಮನೆಯ ಸಕೀನಾ ದೊಡ್ಡಮ್ಮ ದಿನದಂತೆ ಬೀದಿ ಬದಿಯ ಜೋಲಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಹಗ್ಗದ ಬಲೆಯ ಆ ಕುರ್ಚಿಯಲ್ಲಿ ಕೂತರೆ ಅವರಿಗೆ ಇಡೀ ಬೀದಿ ಕಾಣುತ್ತದೆ. ಕಂಡದ್ದು ಅವರ ಹೊಟ್ಟೆಯಲ್ಲಿ ಮುಸ್ಸಂಜೆಯ ಮಗ್ರಿಬ್ ನಮಾಜಿನವರೆಗೂ ಉಳಿಯುವುದಿಲ್ಲ. ಅಮ್ಮ ಹಿತ್ತಲಿನ ಒಲೆಯಲ್ಲಿ ಮೀನಿನ ಸಾರು ಕುದಿಸುತ್ತಿದ್ದಳು.

ಶೌಫಾ ದೋಣಿ ಕಟ್ಟುವ ಚಪ್ಪರಕ್ಕೆ ಓಡಿದಳು.

"ಅಮ್ಮ ಕರೀತಿದಾಳೆ. ತೂಗುಮಂಚದ ಕೊಂಡಿ ಕಿತ್ಕೊಂಡು ಬರ್ತಿದೆ."

ಕೊಂಡಿ ನಿಜವಾಗಿಯೂ ಸವೆದಿತ್ತು. ಅಮ್ಮ ಕರೆದದ್ದು ಮಾತ್ರ ಸುಳ್ಳು.

ಅಫೀಫ್ ಉಳಿ ಕೆಳಗಿಟ್ಟ. ಯೋಚಿಸಿದ. "ತೂಗುಮಂಚ ಅಂದ್ರೆ ಒಳಗೆ ಬರಬೇಕಲ್ಲ ಪುಟ್ಟೀ. ಮನೇಲಿ ಯಾರಿದಾರೆ?"

"ನಾನಿದೀನಲ್ಲ."

"ಕೆಲಸ ಮುಗಿಯೋ ತನಕ ಅಲ್ಲೇ ಇರ್ತೀಯಾ? ಎಲ್ಲೂ ಆಟಕ್ಕೆ ಓಡಲ್ಲ ತಾನೇ?"

"ಇಲ್ಲ, ಇರ್ತೀನಿ."

"ಹಾಗಾದ್ರೆ ನಡಿ" ಎಂದು ಅವನು ಚೀಲ ಎತ್ತಿಕೊಂಡ. ದಾರಿಯುದ್ದಕ್ಕೂ ಹತ್ತು ಹೆಜ್ಜೆ ಹಿಂದೆಯೇ ಬಂದ. ನೋಡು, ಈಗಲೂ ಜೊತೆಗೆ ನಡೆಯಲು ಇವನಿಗೆ ಹೆದರಿಕೆ ಎಂದುಕೊಂಡಳು ಶೌಫಾ.

ಬಾಗಿಲಲ್ಲಿ ಅವನು ಸಲಾಂ ಹೇಳಿದ, ಚಪ್ಪಲಿ ಬಿಟ್ಟ, ಅವಳ ಹಿಂದೆಯೇ ಒಳಗೆ ಬಂದು ತಲೆಯೆತ್ತಿ ಕೊಂಡಿ ನೋಡತೊಡಗಿದ. "ಯಾರದು ಶೌಫಾ?" ಎನ್ನುತ್ತ ಅಮ್ಮ ಹಿತ್ತಲಿನಿಂದ ಬರುವ ಸದ್ದಾಯಿತು.

ಶೌಫಾ ಬೆಕ್ಕಿನ ಹಾಗೆ ಹಿಂದೆ ಸರಿದಳು. ಹೊರಗೆ ಬಂದು ತನ್ನ ಚಪ್ಪಲಿ ಮೆಟ್ಟಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಬೀದಿಗೆ ಹಾರಿದಳು.

ಪ್ಲಾನ್ ಸಕ್ಸಸ್! ಇನ್ನೇನು, ದೊಡ್ಡಮ್ಮ ನೋಡಿದರೆ ಸಾಕು.

ದೊಡ್ಡಮ್ಮ ನೋಡಿಯೇ ಇದ್ದರು. ಜೋಲಿ ಕುರ್ಚಿಯಲ್ಲೇ ಎದ್ದು ಕೂತಿದ್ದರು.

"ಏ ಶೌಫಾ, ಬಾ ಇಲ್ಲಿ. ಗಂಡಸರ ಚಪ್ಪಲಿ ಇದೆಯಲ್ಲ ನಿಮ್ಮ ಬಾಗಿಲಲ್ಲಿ, ಯಾರದು?"

"ಅಫೀಫಂದು" ಎಂದಳು ಶೌಫಾ.

"ಮತ್ತೆ ನೀನಿಲ್ಲಿದ್ದೀಯ?" ದೊಡ್ಡಮ್ಮ ಕಣ್ಣು ಕಿರಿದು ಮಾಡಿ ಬಾಗಿಲ ಕಡೆ ನೋಡಿದರು. "ಒಳಗೆ ನಿಮ್ಮಮ್ಮ ಒಬ್ಬಳೇನಾ?"

ಶೌಫಾ ತಿರುಗಿ ನೋಡಿದಳು. ಮುಚ್ಚಿದ ಬಾಗಿಲು. ಅದರ ಮುಂದೆ ಎರಡೇ ಜೊತೆ ಚಪ್ಪಲಿ. ಒಂದು ದೊಡ್ಡದು, ಇನ್ನೊಂದು ಅಮ್ಮನ ನೀಲಿ ಪಟ್ಟಿಯದು.

ದೊಡ್ಡಮ್ಮ ನೋಡುತ್ತಿದ್ದದ್ದು ದೊಡ್ಡ ಚಪ್ಪಲಿಯನ್ನಲ್ಲ. ನೀಲಿ ಪಟ್ಟಿಯದನ್ನು.

"ನಶ್ವಾ ಮನೆ ಕತೇನೂ ಹೀಗೇ ಶುರುವಾಗಿದ್ದು" ಎಂದರು ಅವರು, ಯಾರಿಗೋ ಹೇಳುವ ಹಾಗೆ. "ಸಂಜೆ ನನ್ನ ಮೊಮ್ಮಗಳು ಕುರಾನ್ ಓದೋಕೆ ನಿಮ್ಮನೇಗೇ ಬರಬೇಕು..."

ಹುಡುಗನನ್ನು ದೋಣಿ ಹತ್ತಿಸಿದ್ದು ಶೌಫಾಗೆ ನೆನಪಿತ್ತು. ನಶ್ವಾ? ನಶ್ವಾ ಎಲ್ಲಿಗೂ ಹೋಗಿರಲಿಲ್ಲ. ಇದೇ ದ್ವೀಪದಲ್ಲಿ, ಅದೇ ಮನೆಯಲ್ಲಿದ್ದಳು. ಬೀದಿ ಗುಡಿಸಲೂ ಹೊರಗೆ ಬರುತ್ತಿರಲಿಲ್ಲ. ಅಂಗಡಿಗೆ ಬಂದರೆ ಜೋಲಿ ಕುರ್ಚಿಗಳಲ್ಲಿ ಮಾತು ಥಟ್ಟನೆ ನಿಲ್ಲುತ್ತಿತ್ತು. ಅವಳನ್ನು ಕಂಡು ಶೌಫಾ, ಮೌಜಾ ಕೂಡ ಒಮ್ಮೆ ಕಿಸಿಕಿಸಿ ನಕ್ಕಿದ್ದರು.

ಅಮ್ಮನ ಹತ್ತಿರ ದಿನಾ ಸಂಜೆ ಹನ್ನೆರಡು ಮಕ್ಕಳು ಓದಲು ಬರುತ್ತಾರೆ. ಬೀದಿಯುದ್ದಕ್ಕೂ ಎಲ್ಲರೂ "ಟೀಚರ್, ಟೀಚರ್" ಎನ್ನುತ್ತಾರೆ.

"ನಾನು ಒಳಗೇ ಇದ್ದೆ ದೊಡ್ಡಮ್ಮ!" ಶೌಫಾ ಹೆಚ್ಚುಕಡಿಮೆ ಕಿರುಚಿದಳು. "ತೂಗುಮಂಚ ರಿಪೇರಿ ನಡೀತಿದೆ. ನಾನು... ಗೇಟ್ ಹಾಕಿದೆಯಾ ಅಂತ ನೋಡೋಕೆ ಬಂದೆ, ಅಷ್ಟೇ!"

"ಗೇಟ್ ತೆರೆದೇ ಇದೆಯಲ್ಲೇ."

ಶೌಫಾ ಮನೆ ಕಡೆ ಓಡಿದಳು. ಮರಳಿನಲ್ಲಿ ಒಂದು ಕಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು.

ಅವಳು ಮೆಟ್ಟಿಲು ಮುಟ್ಟುವ ಮೊದಲೇ ಬಾಗಿಲು ಒಳಗಿನಿಂದ ಪೂರ್ತಿ ತೆರೆದುಕೊಂಡಿತು. ಅಫೀಫ್ ಹೊಸ್ತಿಲ ಹೊರಗೆ ಬಂದು ನಿಂತಿದ್ದ. ಬಾಗಿಲು ಮತ್ತೆ ಮುಚ್ಚದಂತೆ ಒಂದು ಕೈಯಲ್ಲಿ ಹಿಡಿದಿದ್ದ. ಅಷ್ಟು ದೊಡ್ಡ ಮನುಷ್ಯನ ಮುಖ ಬಿಳಿಚಿಕೊಂಡಿತ್ತು. ಅವನ ಹಿಂದೆ, ದೂರದಲ್ಲಿ, ಅಮ್ಮ ಸೌಟು ಹಿಡಿದು ಕಲ್ಲಾಗಿ ನಿಂತಿದ್ದಳು.

"ಎಲ್ಲಿಗೆ ಹೋದೆ ಪುಟ್ಟೀ?" ಅವನು ಮೆಲ್ಲಗೆ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಶೌಫಾಗೆ ಹೆಚ್ಚು ಚುಚ್ಚಿತು. "ನೀನಿರ್ತೀಯ ಅಂತ ತಾನೇ ನಾನು ಒಳಗೆ ಬಂದದ್ದು."

ಶೌಫಾ ಅವನ ಕೈಯ ಅಡಿಯಿಂದ ನುಸುಳಿ ಒಳಗೆ ನಿಂತಳು.

ಬೀದಿಯಿಂದ ದೊಡ್ಡಮ್ಮನ ದನಿ ಬಂತು. "ಮಗು ಇದೆಯೇನಪ್ಪಾ ಒಳಗೆ?"

"ಇದೀನಿ ದೊಡ್ಡಮ್ಮ!" ಇಡೀ ಬೀದಿಗೆ ಕೇಳುವ ಹಾಗೆ ಶೌಫಾ ಕೂಗಿದಳು. "ನಾನು ಇಲ್ಲೇ ಇದೀನಿ!"

"ಹಾಗಿದ್ರೆ ಸರಿ. ಆ ಕೊಂಡಿ ಆದ್ಮೇಲೆ ನಮ್ಮನೇದೂ ಒಂಚೂರು ನೋಡೋಕೆ ಹೇಳು" ಎಂದರು ದೊಡ್ಡಮ್ಮ. ಜೋಲಿ ಕುರ್ಚಿ ಕಿರ್ ಎಂದಿತು.

ಅಮ್ಮ ಶೌಫಾಳನ್ನೇ ನೋಡುತ್ತಿದ್ದಳು. "ಇವರನ್ನ ಯಾರು ಕರೆದ್ರು? ನಾನಂತೂ ಕರೆದಿಲ್ಲ."

ಅಫೀಫ್ ನೆಲ ನೋಡುತ್ತ ನಿಂತ.

"ನಾನೇ ಕರೆದೆ" ಎಂದಳು ಶೌಫಾ. "ಸುಳ್ಳು ಹೇಳಿ ಕರೆದೆ. ಆಮೇಲೆ ನಾನೇ ಬಾಗಿಲು ಎಳೆದೆ."

ಅಮ್ಮ ಕಣ್ಣು ಮುಚ್ಚಿಕೊಂಡಳು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು.

"ನಾನು ಇನ್ನೊಂದು ದಿನ ಬರ್ತೀನಿ ಟೀಚರ್. ನಿಮ್ಮಣ್ಣ ಬಂದ ಮೇಲೆ" ಎಂದ ಅಫೀಫ್, ಬಾಗಿಲ ಚೌಕಟ್ಟಿಗೆ ಹೇಳುವ ಹಾಗೆ.

ಶೌಫಾ ಅವನನ್ನು ನೋಡಿದಳು. ಮಳೆಯಲ್ಲೂ ಇವನು ಹೀಗೇ ನಿಂತಿದ್ದ, ಹೊಸ್ತಿಲಾಚೆ, ಮೂಗಿನ ತುದಿಯಿಂದ ನೀರು ಸುರಿಸುತ್ತ. ಅವತ್ತು ಒಳಗೆ ಬಂದಿದ್ದರೆ ಇವನಿಗೆ ಮೈ ಒಣಗುತ್ತಿತ್ತು. ಅಮ್ಮನಿಗೆ ಏನಾಗುತ್ತಿತ್ತು?

"ಚೀಲ ಒಳಗೇ ಇದೆಯಲ್ಲ" ಎಂದಳು ಶೌಫಾ. ಸ್ವಲ್ಪ ತಡೆದು, "ಮುಗಿಸಿಯೇ ಹೋಗಿ ಮಾಮ" ಎಂದಳು. ಅವಳು ಅವನನ್ನು ಮಾಮ ಎಂದದ್ದು ಅದೇ ಮೊದಲು.

ಅಫೀಫ್ ಅಮ್ಮನ ಕಡೆ ನೋಡಲಿಲ್ಲ, ಶೌಫಾಳ ಕಡೆ ನೋಡಿದ. ಅವಳು ಹೋಗಿ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು. ಬೀದಿಗೆ ಚೆನ್ನಾಗಿ ಕಾಣುವ ಜಾಗ ನೋಡಿ, ನಡುವೆ ಚಾಪೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಅವನು ಒಳಗೆ ಬಂದು ಸುತ್ತಿಗೆ ಎತ್ತಿಕೊಂಡ. ಅಮ್ಮ ಹಿತ್ತಲಿಗೆ ಹೋದಳು. ಹೋಗುವಾಗ ಅವಳ ಕೈ ಶೌಫಾಳ ತಲೆಯನ್ನು ಒಮ್ಮೆ ಸವರಿತು.

ಸ್ವಲ್ಪ ಹೊತ್ತಿಗೆ ಮೌಜಾ ಗೇಟಿನಲ್ಲಿ ಕಾಣಿಸಿಕೊಂಡಳು. ಕಡಲ ಕಡೆಯಿಂದ ಮಕ್ಕಳ ಗದ್ದಲ ಕೇಳುತ್ತಿತ್ತು.

"ಬಾರೇ, ಆಟ ಶುರುವಾಗಿದೆ! ಆ ಕಳ್ಳನ ವಿಷಯ ಏನಾಯ್ತು?"

"ನೀನು ಹೋಗು" ಎಂದಳು ಶೌಫಾ, ಕೂತಲ್ಲಿಂದಲೇ. "ನನಗೆ ಈಗ ಬರಕ್ಕಾಗಲ್ಲ. ನಾನು ಮನೇಲಿರಬೇಕು."