ಐದು ತಿಂಗಳ ವೀಸಾ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದರ್ಜಿಯಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಶುರುಮಾಡಿದರು.

"ನನ್ನ ಪಾಸ್‌ಪೋರ್ಟ್ ಕಳುವಾಗಿದೆ. ಕಳೆದುಹೋಗಿಲ್ಲ, ಕಳುವಾಗಿದೆ."

ವ್ಯತ್ಯಾಸ ಇನ್‌ಸ್ಪೆಕ್ಟರಿಗೂ ಗೊತ್ತಿತ್ತು. ಕಳೆದುಹೋದರೆ ರಸೀದಿ ಕೊಟ್ಟು ಕಳಿಸಬಹುದು, ಕಳುವಾದರೆ ಎಫ್‌ಐಆರ್ ಹಾಕಬೇಕು. ಅವರು ಮೊದಲನೆಯದಕ್ಕೇ ಆಸೆಪಟ್ಟರು.

"ಎಲ್ಲೋ ಇಟ್ಟು ಮರೆತಿರಬಹುದು."

"ಅಂಗಡಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಬೀಗ ಇದೆ, ಪಾಸ್‌ಪೋರ್ಟ್ ಇಲ್ಲ. ಶುಕ್ರವಾರ ವೀಸಾ ಸಂದರ್ಶನ. ತಪ್ಪಿದ್ರೆ ಮತ್ತೆ ಎರಡು ತಿಂಗಳು ಕಾಯಬೇಕು."

"ಎಷ್ಟು ದಿನದ ಪ್ರವಾಸ?"

"ಐದು ತಿಂಗಳು."

"ಅಷ್ಟು ದಿನ ಏನಮ್ಮ ನೋಡ್ತೀರಿ?"

"ನೋಡೋಕಲ್ಲ. ಅಲ್ಲಿ ನನ್ನ ಗೆಳತಿಗೆ ಕ್ಯಾನ್ಸರ್. ಬರೋ ತಿಂಗಳು ಚಿಕಿತ್ಸೆ ಶುರು. ಒಂದು ಲೋಟ ನೀರು ಕೊಡೋಕೂ ಜೊತೆಗೆ ಯಾರೂ ಇಲ್ಲ."

"ರೋಗಿ ನೋಡ್ಕೊಳ್ಳೋರಿಗೆ ಬೇರೆ ವೀಸಾ ಇರುತ್ತಲ್ಲ?"

"ಅದು ಗಂಡನಿಗೆ, ಮಕ್ಕಳಿಗೆ, ಒಡಹುಟ್ಟಿದವರಿಗೆ. ಗೆಳತಿ ಅನ್ನೋ ಸಂಬಂಧಕ್ಕೆ ಅವರ ಅರ್ಜಿಯಲ್ಲಿ ಜಾಗವೇ ಇಲ್ಲ. ಅದಕ್ಕೇ ಪ್ರವಾಸಿ ವೀಸಾ."

ಅದರಲ್ಲೂ ಮೂರು ಬಗೆ ಎಂದು ಆಕೆ ವಿವರಿಸಿದರು. ಮೂವತ್ತು ದಿನದ್ದು ವಿಮಾನ ಇಳಿದಲ್ಲೇ ಸಿಗುತ್ತದೆ. ಅರವತ್ತು ದಿನದ್ದಕ್ಕೆ ಒಂದೇ ಪ್ರವೇಶ. ಆರು ತಿಂಗಳದ್ದಕ್ಕೆ ಎಷ್ಟು ಸಲ ಬೇಕಾದರೂ ಪ್ರವೇಶ, ಆದರೆ ಅರವತ್ತು ದಿನಕ್ಕೊಮ್ಮೆ ಗಡಿ ದಾಟಿ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು.

"ಆಚೆ ಒಂದು ಕಾಲಿಟ್ಟು ಬಂದ್ರೆ ಸಾಕಾ?" ಎಂದು ಕೇಳಿದ ಹೆಡ್ ಕಾನ್‌ಸ್ಟೆಬಲ್. ಬರೆಯುವ ಚಟದಿಂದಾಗಿ ಠಾಣೆಯವರೆಲ್ಲ ಅವನನ್ನು 'ಪಂಚನಾಮೆ' ಎಂದೇ ಕರೆಯುತ್ತಿದ್ದರು.

"ನೀನು ದೂರು ಬರಿಯಪ್ಪ," ಎಂದರು ಇನ್‌ಸ್ಪೆಕ್ಟರ್. ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಮೊದಲ ಅನುಮಾನ ವೀಸಾ ಏಜೆಂಟನ ಮೇಲೆ. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಉತ್ತರಿಸಿದ.

"ಐದು ಸಲ ಬಂದ್ರು ಸರ್ ಆಯಮ್ಮ. ಬಂದಾಗಲೆಲ್ಲ ವೀಸಾ ಬದಲು. ಕದಿಯೋ ಹಾಗಿದ್ರೆ ಮೊದಲನೇ ಸಲವೇ ಕದ್ದು ನೆಮ್ಮದಿಯಾಗಿರ್ತಿದ್ದೆ."

"ಯಾಕೆ ಬದಲಾಯಿಸಿದ್ರು?"

"ಬದಲಾಯಿಸಿದ್ದು ಅವರಲ್ಲ. ಅವರು ಆರು ತಿಂಗಳದ್ದು ಅಂತ ತೀರ್ಮಾನಿಸಿ ಹೋಗ್ತಾರೆ. ಹಿಂದೆಯೇ ಅವರ ತಂಗಿ ಬಂದು, ಮೂವತ್ತು ದಿನದ್ದೇ ಒಳ್ಳೇದು ಅಂತ ಅಕ್ಕಂಗೆ ಹೇಳಿ ಅಂತಾರೆ. ನಾನು ಹೇಳ್ತೀನಿ, ಅವರಿಗೆ ತಲೆ ಕೆಡುತ್ತೆ. ನನಗಂತೂ ಕೆಟ್ಟು ಆಗಿದೆ."

ಬುಧವಾರ ಅಂಗಡಿಯ ತಪಾಸಣೆ. ಪಂಚರಾಗಿ ಪಕ್ಕದ ಔಷಧ ಅಂಗಡಿಯವನೂ ಎದುರಿನ ಕ್ಷೌರದವನೂ ಬಂದು ನಿಂತರು. ಬೀರುವಿಗೆ ಎರಡು ಕೀಲಿ. ಒಂದು ಅಕ್ಕನದು, ಇನ್ನೊಂದು ತಂಗಿಯದು. ತಂಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ.

"ನಿಮ್ಮ ಕೀಲಿ ಯಾರಿಗಾದ್ರೂ ಕೊಟ್ಟಿದ್ರಾ?"

"ಇಲ್ಲ."

"ಕಳೆದಿತ್ತಾ?"

"ಇಲ್ಲ."

ಎರಡು ಗಂಟೆ ಹುಡುಕಿದರೂ ಸಿಕ್ಕಿದ್ದು ಗುಂಡಿ, ಬಟ್ಟೆಚೂರು, ದೂಳು. ಇನ್‌ಸ್ಪೆಕ್ಟರ್ ಬೇಸತ್ತು, ಗಿರಾಕಿಗಳು ಕೂರುವ ಬೆಂಚಿನ ಹಳೇ ದಿಂಬಿನ ಮೇಲೆ ಕುಳಿತರು. ಅಡಿಯಲ್ಲಿ ಏನೋ ಗಟ್ಟಿಯಾಗಿ ಒತ್ತಿತು. ಎದ್ದು ದಿಂಬು ತೆಗೆದು ನೋಡಿದರು. ಮೂರು ಬದಿ ಬಾಯಿಬಿಟ್ಟು ಹತ್ತಿ ಇಣುಕುತ್ತಿತ್ತು. ನಾಲ್ಕನೆಯ ಬದಿಗೆ ಮಾತ್ರ ಹೊಸ ಕೈಹೊಲಿಗೆ. ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಕಣ್ಣಿಗೆ ಕಾಣದು.

"ಇದು ನೀವು ಹಾಕಿದ್ದಾ?"

ದರ್ಜಿಯಮ್ಮ ಬೆರಳಾಡಿಸಿ ನೋಡಿದರು. "ನನ್ನ ಕೈಗೆ ಇಷ್ಟು ಸಣ್ಣ ಹೊಲಿಗೆ ಬರಲ್ಲ," ಎಂದರು. ಹೇಳಿಯಾದ ಮೇಲೆ ತಾವು ಹೇಳಿದ್ದೇನೆಂದು ಅವರಿಗೆ ಹೊಳೆಯಿತು.

ಹಾಳು ದಿಂಬಿಗೂ ಒಂದು ಕೆಟ್ಟ ಹೊಲಿಗೆ ಹಾಕಲು ತಂಗಿಯ ಕೈ ಒಪ್ಪಿರಲಿಲ್ಲ. ಪಂಚರ ಎದುರು ದಿಂಬು ಬಿಚ್ಚಿದರು. ಪಾಸ್‌ಪೋರ್ಟ್ ಹತ್ತಿಯೊಳಗಿತ್ತು. ತಂಗಿಯ ಬಂಧನ ದಾಖಲಾಯಿತು.

"ಯಾಕಮ್ಮ?"

"ಶುಕ್ರವಾರ ತಪ್ಪಿದ್ರೆ ಅಕ್ಕಂಗೆ ಮೂವತ್ತು ದಿನದ್ದೇ ಗತಿ ಅಂತ. ಒಂದು ತಿಂಗಳಾದ್ರೆ ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತ ಗಿರಾಕಿಗಳನ್ನ ತಳ್ಳಬಹುದು ಸರ್. ಐದು ತಿಂಗಳು ಹೇಗೆ ತಳ್ಳಲಿ? ನನಗೆ ಬಟ್ಟೆ ಕತ್ತರಿಸೋಕೆ ಬರಲ್ಲ."

"ಇಷ್ಟು ವರ್ಷ ಅಂಗಡಿ ನಡೆಸಿ?"

"ಅಕ್ಕ ಕತ್ತರಿಸ್ತಾಳೆ, ನಾನು ಹೊಲೀತೀನಿ. ಕಲಿಸು ಅಂತ ಕೇಳಿದ್ದೆ. ನೀನು ಹಾಳು ಮಾಡ್ತೀಯ ಅಂದ್ಲು. ಆಮೇಲೆ ಕೇಳಲಿಲ್ಲ."

ದರ್ಜಿಯಮ್ಮ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡರು. "ದೂರು ವಾಪಸ್ ತಗೋತೀನಿ ಸರ್."

"ಅದೀಗ ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ."

"ಪಾಸ್‌ಪೋರ್ಟಾದ್ರೂ ಕೊಡಿ."

"ಜಪ್ತಿ ಆಗಿದೆ. ಕೋರ್ಟು ಬಿಡಬೇಕು."

"ಚೆನ್ನಾಗಿದೆ. ಕಳುವಾದಾಗಲೂ ಇಲ್ಲ, ಸಿಕ್ಕಿದಾಗಲೂ ಇಲ್ಲ."

ಪಾಸ್‌ಪೋರ್ಟ್ ಬಿಡಿಸಲು ಕೋರ್ಟಿಗೆ ಕೊಡಬೇಕಾದ ಕೋರಿಕೆಯನ್ನು ಇನ್‌ಸ್ಪೆಕ್ಟರ್ ಪಂಚನಾಮೆಗೂ ಬಿಡದೆ ತಾವೇ ಕೂತು ಬರೆದರು. ಗುರುವಾರ ಸಂಜೆ ಮುಚ್ಚಳಿಕೆ ಬರೆಸಿಕೊಂಡು ಕೋರ್ಟು ಪಾಸ್‌ಪೋರ್ಟ್ ಬಿಟ್ಟಿತು. ತಂಗಿಗೂ ಜಾಮೀನು ಸಿಕ್ಕಿತು.

ಅಕ್ಕತಂಗಿಯರು ಒಟ್ಟಿಗೇ ಕೋರ್ಟಿನ ಮೆಟ್ಟಿಲಿಳಿದರು.

"ನಾಳೆ ಹನ್ನೊಂದಕ್ಕೆ ಸಂದರ್ಶನ," ಎಂದರು ದರ್ಜಿಯಮ್ಮ. "ಆರು ತಿಂಗಳದ್ದೇ ಕೇಳ್ತೀನಿ. ಹೊರಡೋಕೆ ಇನ್ನೂ ಮೂರು ವಾರ ಇದೆ. ಬೆಳಿಗ್ಗೆ ಬೇಗ ಅಂಗಡಿಗೆ ಬಾ."

"ಯಾಕೆ?"

"ಹಳೇ ಪರದೆಗಳಿವೆಯಲ್ಲ. ಎಷ್ಟು ಬೇಕಾದ್ರೂ ಹಾಳು ಮಾಡು."