ಹದಿನೇಳರ ಕೊನೆಯ ಕರೆ

2025ರ ಜನವರಿ 15, ಬುಧವಾರ. ಬೆಳಗ್ಗೆ 9.20ಕ್ಕೆ ರೆನಾಟಾ ಕೂನ್ಸ್ ಮಾರ್ಬಿ ಕೌಂಟಿಯ ಶೆರಿಫ್ ಠಾಣೆಗೆ ಬಂದು ದೂರು ಬರೆದುಕೊಟ್ಟಳು. ಹಿಂದಿನ ದಿನವಷ್ಟೇ ಗಂಡನನ್ನು ಮಣ್ಣು ಮಾಡಿದ್ದಳು. ಕೋಟಿನ ಗುಂಡಿಗಳನ್ನು ಒಂದೊಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದಳು, ಅದು ಅವಳ ಗಮನಕ್ಕೆ ಬಂದಿರಲಿಲ್ಲ.

ದೂರು ಮೂರೇ ಸಾಲಿನದು. ‘ನನ್ನ ಗಂಡ ಡೆಪ್ಯುಟಿ ಎಮೆಟ್ ಕೂನ್ಸ್ ಅವರ ಕೊನೆಯ ಕರೆಗೆ ಯಾರೋ ಉತ್ತರ ಕೊಟ್ಟಿದ್ದಾರೆ. ಅದು ಯಾರ ದನಿ ಎಂದು ನನಗೆ ಗೊತ್ತಾಗಬೇಕು. ಇಲಾಖೆಯವರೇ ಆಗಿದ್ದರೂ ಮುಚ್ಚಿಡಬಾರದು.’

ಕೆಲಸದಲ್ಲಿದ್ದಾಗ ಸತ್ತ ಪೊಲೀಸರಿಗೆ ಸಮಾಧಿಯ ಬಳಿ ಕೊನೆಯ ಕರೆ ಸಲ್ಲುತ್ತದೆ. ಕಂಟ್ರೋಲ್ ರೂಮಿನಿಂದ ಸತ್ತವನ ನಂಬರನ್ನು ವೈರ್‌ಲೆಸ್‌ನಲ್ಲಿ ಮೂರು ಸಲ ಕೂಗುತ್ತಾರೆ. ಮೂರು ಸಲವೂ ಉತ್ತರ ಬರುವುದಿಲ್ಲ. ಆಮೇಲೆ, ಇವರ ಪಾಳಿ ಮುಗಿಯಿತು, ಇನ್ನು ಮುಂದಿನ ಕಾವಲು ನಮ್ಮದು ಎಂದು ಹೇಳುತ್ತಾರೆ. ಎಮೆಟ್‌ನ ನಂಬರು ಹದಿನೇಳು. ಜನವರಿ 9ರ ಮಧ್ಯಾಹ್ನ ನದಿರಸ್ತೆಯಲ್ಲಿ ಅಪಘಾತವಾದ ಕಾರಿನ ಹಿಂದೆ ಎಚ್ಚರಿಕೆಯ ದೀಪ ಇಡುತ್ತಿದ್ದಾಗ ಲಾರಿಯೊಂದು ಜಾರಿ ಬಂದು ಅವನಿಗೆ ಗುದ್ದಿತ್ತು.

ಸಮಾಧಿಯ ಹತ್ತಿರ ಇನ್ನೂರು ಜನ ತಲೆ ತಗ್ಗಿಸಿ ನಿಂತಿದ್ದರು. ಮೂರನೆಯ ಕರೆಯಾಗಿ ಐದಾರು ಸೆಕೆಂಡಿಗೆ, ಜೀಪಿನ ಮೇಲಿನ ಧ್ವನಿವರ್ಧಕದಿಂದ ಗಂಡಸಿನ ದನಿಯೊಂದು ಬಂತು. ‘ಹದಿನೇಳು ಮನೆಗೆ ಹೊರಟಿತು. ಸೇತುವೆ ಮೇಲೆ ಮಂಜುಗಡ್ಡೆ. ಎಲ್ಲರೂ ನಿಧಾನವಾಗಿ ಹೋಗಿ.’

ಅದು ಎಮೆಟ್‌ನ ಮಾತು. ಹನ್ನೊಂದು ವರ್ಷದಿಂದ ಪ್ರತಿ ಪಾಳಿಯ ಕೊನೆಗೂ ಅವನು ಸೇತುವೆಯ ಸುದ್ದಿ ಹೇಳಿಯೇ ಮನೆಗೆ ಹೋಗುತ್ತಿದ್ದ. ಪೊಲೀಸ್ ವೈರ್‌ಲೆಸ್ ಹರಟೆಗಲ್ಲ ಎಂದು ಅವನಿಗೆ ಎರಡು ಸಲ ನೋಟಿಸು ಕೊಟ್ಟಿದ್ದರು. ಎರಡಕ್ಕೂ ಸಹಿ ಹಾಕಿ, ಅದೇ ಸಂಜೆ ಮತ್ತೆ ಹೇಳಿದ್ದ.

ತನಿಖೆ ಸಾರ್ಜೆಂಟ್ ಕೊರಿನ್ ಸ್ಲೇಡ್‌ಗೆ ಬಂತು. ಠಾಣೆಯ ಮುಖ್ಯಸ್ಥ ಶೆರಿಫ್ ಒಂದೇ ಮಾತು ಹೇಳಿದರು: ನಮ್ಮವರಾದರೆ ಅದೇ ದಿನ ಬ್ಯಾಡ್ಜ್ ಕಳಚಿಸುವುದು. ಕೊರಿನ್‌ಗೆ ಇದ್ದ ಹೆದರಿಕೆಯೂ ಅದೇ. ಎಮೆಟ್‌ನ ಧಾಟಿಯನ್ನು ಅಣಕಿಸುವವರು ಠಾಣೆಯಲ್ಲಿ ಆರು ಜನ ಇದ್ದರು. ಎಮೆಟ್ ಕೇಳಿಸಿಕೊಂಡು ನಗುತ್ತಿದ್ದ. ರೆನಾಟಾಳ ಎದುರು ನಿಂತು ಆ ಆರರಲ್ಲಿ ಒಂದು ಹೆಸರು ಹೇಳಬೇಕಾಗಿ ಬಂದರೆ ಏನು ಮಾಡುವುದು ಎಂದು ಯೋಚಿಸುತ್ತ ಕೊರಿನ್ ಅಂದು ಊಟ ಮಾಡಲಿಲ್ಲ.

ಗುರುವಾರ ಬೆಳಗ್ಗೆ ಕಂಟ್ರೋಲ್ ರೂಮಿನ ದಾಖಲೆ ತೆರೆದಳು. ಮಾರ್ಬಿಯಲ್ಲಿ ಇನ್ನೂ ಹಳೆಯ ವೈರ್‌ಲೆಸ್ಸೇ ಇರುವುದರಿಂದ, ಮಾತಾಡಿದ ಸೆಟ್ಟು ಯಾವುದೆಂದು ಯಂತ್ರ ಹೇಳುವುದಿಲ್ಲ. ಮಾತು ಯಾವ ಗೋಪುರದ ಮೂಲಕ ಬಂತು ಎಂಬುದಷ್ಟೇ ಗೊತ್ತಾಗುತ್ತದೆ. ಉತ್ತರ ಬಂದದ್ದು ಉತ್ತರ ದಿಕ್ಕಿನ ಕಣಿವೆಯ ಗೋಪುರದಿಂದ. ಸ್ಮಶಾನ ದಕ್ಷಿಣಕ್ಕಿತ್ತು, ಪಾಳಿಯಲ್ಲಿದ್ದವರೂ ಇಲ್ಲದವರೂ ಎಲ್ಲ ಡೆಪ್ಯುಟಿಗಳು ಅಲ್ಲಿಯೇ ಇದ್ದರು. ಕೊರಿನ್ ಆರೂ ಹೆಸರುಗಳನ್ನು ಹೊಡೆದು ಹಾಕಿ, ಡ್ರಾಯರಿನಲ್ಲಿದ್ದ ಬಿಸ್ಕತ್ತು ತಿಂದಳು.

ಆದರೆ ದಾಖಲಾದ ಆ ಗಂಡಸಿನ ಮಾತಿನ ಹಿಂದೆ ಇನ್ನೊಂದು ಸಣ್ಣ ದನಿ ಇತ್ತು. ಹೆಂಗಸಿನದು. ಮೊದಲು ಅದನ್ನು ಯಂತ್ರದ ಮಾರ್ದನಿ ಎಂದುಕೊಂಡಳು. ಕೊನೆಯ ಕರೆ ಕೂಗಿದ್ದ ಒಟಿಲಿ ಬ್ರ್ಯಾಗ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಕೇಳಿಸಿದಳು.

“ಅದು ನಾನೇ” ಎಂದಳು ಒಟಿಲಿ. “ಆದ್ರೆ ಮೂರನೇ ಕರೆ ಅಲ್ಲ, ಮೊದಲನೇದು. ಅದ್ರಲ್ಲಿ ಮಾತ್ರ ನಾನು ಕೆಮ್ಮಿದ್ದು. ಕೇಳು.”

ಮೊದಲ ಕರೆಗೂ ಉತ್ತರಕ್ಕೂ ನಡುವೆ ಮೂವತ್ತಾರು ಸೆಕೆಂಡು. ಅಷ್ಟು ತಡವಾಗಿ ಪೊಲೀಸರ ಮಾತು ಕೇಳಿಸುವುದು ಇಂಟರ್‌ನೆಟ್‌ನಲ್ಲಿ. ಕೌಂಟಿಯಲ್ಲಿ ಮನೆಯಲ್ಲಿ ಕೂತು ಪೊಲೀಸ್ ವೈರ್‌ಲೆಸ್ ಕೇಳುವ ಹವ್ಯಾಸದವರು ಹತ್ತಿಪ್ಪತ್ತು ಜನ ಇದ್ದರು. ಸ್ಕ್ಯಾನರ್ ಎಂಬ ಕೈಯಗಲದ ಪೆಟ್ಟಿಗೆ, ಒಂದು ತಂತಿ, ಒಂದು ಕುರ್ಚಿ ಇದ್ದರೆ ಅವರಿಗೆ ದಿನ ಕಳೆಯುತ್ತದೆ. ಅವರಲ್ಲೊಬ್ಬ ತನ್ನ ಪೆಟ್ಟಿಗೆಯ ದನಿಯನ್ನು, ದೂರ ಇರುವವರೂ ಕೇಳಲೆಂದು ಇಂಟರ್‌ನೆಟ್ಟಿಗೆ ಬಿಡುತ್ತಿದ್ದ. ಅದು ಸರಿಯಾಗಿ ಹೋಗುತ್ತಿದೆಯೇ ಎಂದು ನೋಡಲು ಕಂಪ್ಯೂಟರನ್ನು ಸಣ್ಣಗೆ ಹಾಕಿಟ್ಟುಕೊಳ್ಳುವವನು ಅವನೊಬ್ಬನೇ ಇರಬೇಕು. ಮೈಕು ಒತ್ತುವ ಮೊದಲು ಸ್ಕ್ಯಾನರಿನ ದನಿ ತಗ್ಗಿಸಿದ್ದಾನೆ. ಪಳಗಿದ ಕೈ, ತಗ್ಗಿಸದಿದ್ದರೆ ಕಿರ್ರೆನ್ನುತ್ತದೆಂದು ಗೊತ್ತು. ಕಂಪ್ಯೂಟರನ್ನು ಮರೆತಿದ್ದಾನೆ.

ಜನವರಿ 18, ಶನಿವಾರ ಬೆಳಗ್ಗೆ 8ಕ್ಕೆ ಕೊರಿನ್ ಮೇಬಲ್ ಹೋಟೆಲಿಗೆ ಹೋದಳು. ಶನಿವಾರದ ತಿಂಡಿಗೆ ಸ್ಕ್ಯಾನರಿನವರೆಲ್ಲ ಅಲ್ಲಿ ಸೇರುತ್ತಾರೆ. ಒಳಗೆ ಕಾಲಿಡುತ್ತಿದ್ದಂತೆ ಬಸ್ ಓಡಿಸಿ ನಿವೃತ್ತನಾದ ಗಾಡ್ಫ್ರಿ ತಲೆ ಎತ್ತಿದ.

“ಬಾಮ್ಮ ನಾಲ್ಕು. ಮಂಗಳವಾರದ ಪಂಕ್ಚರ್ ಹಾಕಿಸಿದ್ಯಾ, ಸ್ಟೆಪ್ನೀಲೇ ತಿರುಗ್ತಿದೀಯಾ?”

ನಾಲ್ಕು ಅವಳ ನಂಬರು. ಅವಳು ಊಟಕ್ಕೆ ಹೋಗುವ ಹೊತ್ತು, ಈ ವಾರ ಅದು ತಪ್ಪಿದ್ದು, ಎಲ್ಲ ಅವರಿಗೆ ಗೊತ್ತಿತ್ತು. ಒಬ್ಬಾಕೆ ಕೇಳದೆಯೇ ಅವಳ ಮುಂದೆ ಮೊಟ್ಟೆ, ಆಲೂಗಡ್ಡೆ ಇಡಿಸಿದಳು. ಕೊರಿನ್ ತಿಂದಳು. ಆಮೇಲೆ ಇಂಟರ್‌ನೆಟ್ಟಿಗೆ ಬಿಡುವವರು ಯಾರು ಎಂದು ಕೇಳಿದಳು.  ಪೆಟ್ಟಿಗೆಗಳು ಬಹಳ ಇವೆ, ಯಾರದು ಎಲ್ಲಿಗೆ ಹೋಗುತ್ತದೋ ಯಾರು ಬಲ್ಲರು ಎಂದು ಒಬ್ಬ ಎದುರಿನ ಕಾಫಿ ಲೋಟಕ್ಕೆ ಹೇಳಿದ ಹಾಗೆ ಹೇಳಿದ.

ಗೋಡೆಯ ಮೇಲೆ ಮೊಳೆಗಳಿಗೆ ಅವರವರ ಹೆಸರಿನ ಲೋಟಗಳನ್ನು ತೂಗುಹಾಕುತ್ತಾರೆ. ಅಂದು ಎಲ್ಲ ಲೋಟಗಳೂ ಮೇಜಿನ ಮೇಲಿದ್ದವು, ಒಂದು ಮಾತ್ರ ಗೋಡೆಯಲ್ಲೇ ಒಣಗಿಕೊಂಡಿತ್ತು. ವರ್ಲಿನ್ ಸ್ಟೂಪ್ಸ್, ವಯಸ್ಸು ಎಪ್ಪತ್ನಾಲ್ಕು. ಹಿಂದೆ ಕಣಿವೆಯ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕನಾಗಿದ್ದವನು. ಮನೆ ಉತ್ತರದ ಗೋಪುರದ ಬುಡದಲ್ಲಿ.

ಕೊರಿನ್ ಎದ್ದಾಗ ಗಾಡ್ಫ್ರಿ ಅವಳ ತೋಳು ಹಿಡಿದ. “ಆತನ ಪೆಟ್ಟಿಗೆ ಎತ್ಕೊಂಡು ಹೋಗ್ಬೇಡ ತಾಯಿ. ಹೆಂಡ್ತಿ ಹೋದ್ಮೇಲೆ ಆ ಮನೇಲಿ ಮಾತಾಡೋದು ಅದೊಂದೇ.”

10.05ಕ್ಕೆ ಡೆಪ್ಯುಟಿ ಗಾರ್ನರ್‌ನೊಂದಿಗೆ ಅವಳು ವರ್ಲಿನ್‌ನ ಮನೆಯ ಮುಂದೆ ಗಾಡಿ ನಿಲ್ಲಿಸಿದಳು. ನಿಯಮದ ಪ್ರಕಾರ ವೈರ್‌ಲೆಸ್‌ನಲ್ಲಿ ವಿಳಾಸ ಹೇಳಿ ಇಳಿದಳು. ಬಾಗಿಲು ತೆರೆದೇ ಇತ್ತು. ಒಳಗೆ ಮೇಜಿನ ಮೇಲೆ ಎರಡು ಕಪ್ ಕಾಫಿ ಹಬೆಯಾಡುತ್ತಿತ್ತು.

“ನೀನು ಬಂದೆ ಅಂತ ಕೇಳಿಸ್ತು” ಎಂದ ವರ್ಲಿನ್. “ಹುಡುಗ ಜೊತೇಲಿದಾನೆ ಅಂತ ಹೇಳ್ಲಿಲ್ಲ ನೀನು. ಇನ್ನೊಂದು ಕಪ್ ತರ್ತೀನಿ.”

ಕೊರಿನ್ ಅವನ ಹಕ್ಕುಗಳನ್ನು ಓದಿ ಹೇಳಿದಳು. ವಕೀಲರು ಬೇಡ ಎಂದ. ಶೋಧನೆಗೆ ಒಪ್ಪಿಗೆ ಪತ್ರ ಕೊಟ್ಟ.

“ಹದಿನಾಲ್ಕನೇ ತಾರೀಕು ಮಾತಾಡಿದ್ದು ನೀವಾ?”

“ನಾನೇ.”

“ಸೆಟ್ಟು?”

ಕಪಾಟಿನಿಂದ ತಂದುಕೊಟ್ಟ. ಅಗ್ನಿಶಾಮಕ ದಳದ ಹಳೆಯ ಕೈಸೆಟ್ಟು, ನಿವೃತ್ತಿಯ ದಿನ ನೆನಪಿಗೆಂದು ಕೊಟ್ಟದ್ದು. ಅದರಲ್ಲಿದ್ದ ಪೊಲೀಸ್ ಚಾನೆಲ್ ಅಳಿಸುವುದನ್ನು ಯಾರೋ ಮರೆತಿದ್ದರು.

“ಅಪರಾಧ ಅಂತ ಗೊತ್ತಿತ್ತಾ?”

“ಕೇಳ್ಬಹುದು, ಬಾಯಿ ಬಿಡೋ ಹಾಗಿಲ್ಲ. ನಾವೆಲ್ಲ ಮೊದ್ಲು ಕಲಿಯೋದೇ ಅದು.”

“ಮತ್ತೆ ಯಾಕೆ?”

ವರ್ಲಿನ್ ಕಾಫಿಯ ಕಪ್ಪನ್ನು ಪಕ್ಕಕ್ಕಿಟ್ಟು ಹೇಳಿದ. 2014ರ ಫೆಬ್ರುವರಿಯಲ್ಲಿ ಅವನ ಹೆಂಡತಿ ಐಡೆಲಾ ಅಡುಗೆಮನೆಯಲ್ಲಿ ಕುಸಿದಳು, ಉಸಿರು ನಿಂತಿತು. ಆಂಬುಲೆನ್ಸ್ ಇಪ್ಪತ್ತೆರಡು ನಿಮಿಷದ ದೂರದಲ್ಲಿತ್ತು. ಎಮೆಟ್ ಆರು ನಿಮಿಷಕ್ಕೆ ಬಂದ. ಹದಿನಾರು ನಿಮಿಷ ನೆಲದ ಮೇಲೆ ಮೊಣಕಾಲೂರಿ ಅವಳ ಎದೆ ಒತ್ತಿದ. ಅವಳು ಬದುಕಿದಳು. ಎದ್ದು ಹೋಗುವಾಗ ಎಮೆಟ್ ಕಪಾಟಿನ ಮೇಲಿನ ಸ್ಕ್ಯಾನರ್ ನೋಡಿ, ನೀವು ಕೇಳ್ತೀರಾ ಎಂದು ಕೇಳಿದ್ದ. ಹೌದು ಎಂದಿದ್ದ ವರ್ಲಿನ್. ಮರುದಿನದಿಂದ ವರ್ಲಿನ್ ಸೇತುವೆ ದಾಟಿ ಆಸ್ಪತ್ರೆಗೆ ಹೋಗಿಬರಬೇಕಿತ್ತು. ಮರುದಿನ ಸಂಜೆಯೇ ಎಮೆಟ್ ಮೊದಲ ಸಲ ಸೇತುವೆಯ ಸುದ್ದಿ ಹೇಳಿದ. ಐಡೆಲಾ ಮನೆಗೆ ಬಂದಳು, ಐದು ವರ್ಷ ಬಾಳಿ ಹೋದಳು. ಎಮೆಟ್ ಹೇಳುವುದನ್ನು ಬಿಡಲಿಲ್ಲ.

ಇಡೀ ಕೌಂಟಿ ಇಷ್ಟಪಟ್ಟ ಆ ಮಾತು ಹುಟ್ಟಿದ್ದು ಯಾರಿಗಾಗಿ ಎಂದು ಠಾಣೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಎರಡು ವರ್ಷ ಎಮೆಟ್‌ನ ಪಕ್ಕದ ಸೀಟಿನಲ್ಲಿ ಕೂತಿದ್ದ ಕೊರಿನ್‌ಗೂ ತಿಳಿದಿರಲಿಲ್ಲ.

“ಒಂದಿನ ಹೋಗಿ ಕೈ ಹಿಡ್ಕೊಂಡು ಹೇಳ್ಬೇಕು ಅಂದ್ಕೊಳ್ತಿದ್ದೆ” ಎಂದ ವರ್ಲಿನ್. “ದಿನಾ ದನಿ ಕೇಳಿಸೋದು. ದಿನಾ ಸಿಕ್ಕಿದ ಹಾಗೇ ಇರೋದು. ನಾಳೆ ಹೋದ್ರಾಯ್ತು ಅಂತ ಸುಮ್ನಾಗ್ತಿದ್ದೆ. ಅವತ್ತು ಮೂರು ಸಲ ಕರೆದ್ರು, ಅಮ್ಮಾ. ಅವ್ನು ನಮ್ಮನೆಗೆ ಒಂದೇ ಕರೆಗೆ ಬಂದಿದ್ದ.”

 11.15ಕ್ಕೆ ಜಪ್ತಿ ಪಟ್ಟಿ ಮುಗಿಯಿತು: ಕೈಸೆಟ್ಟು ಒಂದು, ಬ್ಯಾಟರಿ ಒಂದು, ಬರೆದ ನೋಟ್‌ಬುಕ್ ಇಪ್ಪತ್ತಮೂರು. ವರ್ಲಿನ್ ಕೇಳಿದ್ದನ್ನೆಲ್ಲ ದಿನ, ಹೊತ್ತು ಹಾಕಿ ಬರೆದಿಡುತ್ತಿದ್ದ. ಸ್ಕ್ಯಾನರ್ ಕೇಳುವುದು ಅಪರಾಧವಲ್ಲ, ಅದನ್ನು ಪಟ್ಟಿಗೆ ಸೇರಿಸಲಿಲ್ಲ. ಬರೆಯದ ಇಪ್ಪತ್ತನಾಲ್ಕನೆಯ ನೋಟ್‌ಬುಕ್ಕನ್ನೂ ಮೇಜಿನ ಮೇಲೆಯೇ ಬಿಟ್ಟಳು. 11.20ಕ್ಕೆ ಅವನನ್ನು ಬಂಧಿಸಿದಳು, ಬೇಡಿ ಹಾಕಲಿಲ್ಲ. ಸಂಜೆಯೊಳಗೆ, ಕೋರ್ಟಿಗೆ ಬರುವ ತಾರೀಕು ಕೊಟ್ಟು ಬಿಡುಗಡೆ ಮಾಡಲಾಯಿತು.

ಜನವರಿ 21, ಮಂಗಳವಾರ ಬೆಳಗ್ಗೆ ರೆನಾಟಾಳನ್ನು ಕರೆಸಿ ಕೊರಿನ್ ಎಲ್ಲವನ್ನೂ ಹೇಳಿದಳು.  ದೂರು ವಾಪಸು ತೆಗೆದುಕೊಳ್ಳಬಹುದೇ ಎಂದು ಕೊನೆಗೆ ರೆನಾಟಾ ಕೇಳಿದಳು. ಅದೀಗ ಸರ್ಕಾರದ ಮೊಕದ್ದಮೆ, ಆದರೆ ನಿನ್ನ ಹೇಳಿಕೆಯನ್ನು ನ್ಯಾಯಾಧೀಶರು ಓದುತ್ತಾರೆ ಎಂದಳು ಕೊರಿನ್. ರೆನಾಟಾ ಅಲ್ಲೇ ಬರೆದುಕೊಟ್ಟಳು.

ಕೊನೆಯ ಕರೆಯ ಧ್ವನಿಮುದ್ರಿಕೆಯನ್ನು ಮನೆಯವರಿಗೆ ಕೊಡುವುದು ರೂಢಿ. ಆ ಉತ್ತರವನ್ನು ತೆಗೆಸಿ ಕೊಡಬಹುದು ಎಂದಳು ಕೊರಿನ್.

“ಬೇಡ, ಇರ್ಲಿ.”

ಸಾಕ್ಷ್ಯದ ಕೋಣೆಯಲ್ಲಿ ಕೊರಿನ್ ಅವಳ ಮುಂದೆ ಇಪ್ಪತ್ತಮೂರನೆಯ ನೋಟ್‌ಬುಕ್ ತೆರೆದಿಟ್ಟಳು. ಎಮೆಟ್‌ನ ಸಂಜೆಯ ಮಾತುಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಜನವರಿ 8ರದು ಕೊನೆಯದು. ‘5.02. ಹದಿನೇಳು ಮನೆಗೆ. ಸೇತುವೆ ಒದ್ದೆ, ಜಾರುವುದಿಲ್ಲ. ಮನೆಯಲ್ಲಿ ಇವತ್ತು ಹುರುಳಿಕಾಯಿ ಸೂಪು.’

ರೆನಾಟಾ ಅದನ್ನು ಎರಡು ಸಲ ಓದಿದಳು.

“ಉಪ್ಪು ಜಾಸ್ತಿ ಆಗಿತ್ತು” ಎಂದಳು. “ಎರಡು ಬಟ್ಟಲು ಕುಡಿದ.” ಕೋಟಿನ ತೋಳಿನಿಂದ ಮುಖ ಒರೆಸಿಕೊಂಡಳು. ಕೊರಿನ್ ಎದ್ದು ಮೊದಲ ನೋಟ್‌ಬುಕ್ಕನ್ನೂ ತಂದು ಪಕ್ಕದಲ್ಲಿಟ್ಟಳು. ಹನ್ನೊಂದು ವರ್ಷದ ಸಂಜೆಗಳು ಅಲ್ಲಿದ್ದವು. ರೆನಾಟಾ ಮೂರು ಗಂಟೆ ಕೂತು ಓದಿ, ಹೋಗುವಾಗ ಒಂದು ಮಾತು ಹೇಳಿ ಹೋದಳು.

ಅಂತಿಮ ವರದಿಯಲ್ಲಿ ಅಪರಾಧದ ಉದ್ದೇಶಕ್ಕೆ ಒಂದು ಖಾನೆ ಇದೆ. ಕೊರಿನ್ ಅದರಲ್ಲಿ, ‘ಕರೆದಾಗ ಬಂದವನ ಕರೆಗೆ ಉತ್ತರ ಕೊಡುವುದು’ ಎಂದು ಬರೆದು ಸಹಿ ಹಾಕಿದಳು. ಪಾಳಿ ಮುಗಿಸಿ, ಸೇತುವೆ ದಾಟಿ, ಗಾಡಿಯನ್ನು ಬದಿಗೆ ನಿಲ್ಲಿಸಿ ಮೈಕು ತೆಗೆದುಕೊಂಡಳು. ನಾಳೆ ನೋಟಿಸು ಬರಬಹುದು.

“ನಾಲ್ಕು ಮನೆಗೆ ಹೊರಟಿತು. ಸೇತುವೆ ಒಣಗಿದೆ. ಹದಿನೇಳರ ಮನೆಯವರು ಕಣಿವೆಗೆ ವಂದನೆ ಹೇಳಿದ್ದಾರೆ.”

ಕಂಟ್ರೋಲ್ ರೂಮಿನಲ್ಲಿ ಒಟಿಲಿ ಗಡಿಯಾರ ನೋಡಿದಳು. ಕೇಳುವವರು ಬರೆದುಕೊಳ್ಳಲೆಂದು ನಿಧಾನವಾಗಿ ಹೊತ್ತು ಹೇಳಿದಳು.

“ಕೇಳಿಸಿತು, ನಾಲ್ಕು. ಐದು ಗಂಟೆ ನಾಲ್ಕು ನಿಮಿಷ.”