ಮಂಕಾದರೂ ಖರೆ ಹೇಳುವ ಗಾಜು

“ಕಿವ್ಯಾಗಿನ ಝುಮಕಿ ಮಣಿ ಎಣಸಬಹುದವಾ ತಂಗಿ, ಅಷ್ಟು ಸ್ವಚ್ಛ ಬಂದಾವು. ಕಣ್ಣು ಮಾತ್ರ ಹೊಗಿ! ನಮ್ಮ ಹುಡುಗಿ ಏನು ಒಲಿ ಊದಾಕತ್ತಿತ್ತೇನು?”

ಅಂಕಲಿಯ ಅಣ್ಣಾಸಾಬ ಮಗಳ ಫೋಟೋಗಳನ್ನು ಮೇಜಿನ ಮೇಲಿಟ್ಟು ತನ್ನ ಮಾತಿಗೆ ತಾನೇ ನಕ್ಕ.

ಪ್ರಾಜಕ್ತಾಗೆ ನಗು ಬರಲಿಲ್ಲ. “ಇನ್ನೊಮ್ಮೆ ತಗೀತೇನ್ರಿ ಕಾಕಾ. ನಾಳಿ ಕರಕೊಂಡ ಬರ್ರಿ…” ಎಂದಳು.

ಅವನು ಹೋದ ಮೇಲೆ ಫೋಟೋ ಎತ್ತಿ ನೋಡಿದಳು. ಮತ್ತೆ ಅದೇ! ಒಂದರಲ್ಲಿ ಕಿವಿ ಸ್ವಚ್ಛ, ಇನ್ನೊಂದರಲ್ಲಿ ಮೂಗಿನ ತುದಿ. ಕಣ್ಣು ಮಾತ್ರ ಮಂಜು.

ಕ್ಯಾಮೆರಾದಲ್ಲಿ ಇಣುಕಿದಾಗ ಎಲ್ಲಾ ನಿಚ್ಚಳವಾಗಿ ಕಂಡಿತ್ತಲ್ಲ… ಹಾಗಾದರೆ ತಪ್ಪು ಯಾರದು?

ಉತ್ತರ ಸ್ಟುಡಿಯೋದ ಮೂಲೆಯಲ್ಲೇ ಕುಳಿತಿತ್ತು. ಅವ್ವ ಸುಂದರಾ ಬೆರಳಲ್ಲೇ ತಡವಿ ತಡವಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳಿಗೆ ಕಣ್ಣು ಹೋಗಿದ್ದೂ ಹೀಗೆಯೇ, ಇದೇ ವಯಸ್ಸಿಗೆ. “ಮೊದಲ ಮಂದಿ ಮುಖಾ ಮಂಜಾದುವು, ಆಮ್ಯಾಲ ಮಂದಿನ ಮಂಜಾದ್ರು,” ಎಂದು ಆಗಾಗ ಹೇಳುತ್ತಿದ್ದಳು. ಅಪ್ಪ ಬದುಕಿರುವ ತನಕ ಅವಳನ್ನು ಚುಚ್ಚಿದ್ದೂ ಒಂದೇ ಮಾತಿನಿಂದ: “ಖರೆ ಹೇಳದನ ನನಗ ಗಂಟ ಹಾಕಿದ್ರು!”

ದವಾಖಾನೆಗೆ ಹೋಗಲು ಪ್ರಾಜಕ್ತಾಗೆ ಕಾಲೇ ಏಳಲಿಲ್ಲ. ಡಾಕ್ಟರು ಹೌದು ಎಂದುಬಿಟ್ಟರೆ?

ಬರುವ ರವಿವಾರ ಸಾಖರಪುಡಾ. ನಿಪ್ಪಾಣಿಯ ಅಭಿನಂದನನ ಮನೆಯವರು ಸಕ್ಕರೆ ಪೊಟ್ಟಣ ಹಿಡಿದು ಬಂದು ಮದುವೆ ಗಟ್ಟಿ ಮಾಡಿಕೊಂಡು ಹೋಗುವವರಿದ್ದರು. ಅಭಿನಂದನನದು ಕ್ಯಾಮೆರಾ ರಿಪೇರಿ ಅಂಗಡಿ. ಮೊದಲ ಸಲ ಅಲ್ಲಿಗೆ ಹೋದಾಗ ಅವಳ ಕ್ಯಾಮೆರಾ ಕಣ್ಣಿಗೆ ಹಿಡಿದು ಅವಳನ್ನೇ ನೋಡುತ್ತಾ, “ಇದರಾಗ ಏನೂ ಕೆಟ್ಟಿಲ್ಲ ನೋಡ್ರಿ… ಕೆಟ್ಟಾಂವ ನಾನ!” ಅಂದಿದ್ದ ಪುಣ್ಯಾತ್ಮ!

ಮೂರು ತಿಂಗಳ ಹಿಂದೆ ಹಳೆಯದೊಂದು ಲೆನ್ಸ್ ಹುಡುಕಿ ತಂದುಕೊಟ್ಟಿದ್ದೂ ಅವನೇ. ಕೈಯಿಂದ ತಿರುಗಿಸಿ ಫೋಕಸ್ ಮಾಡುವಂಥದ್ದು. ಮುಖ ಮಾತ್ರ ಉಳಿದು ಹಿಂದಿನದೆಲ್ಲಾ ಬೆಣ್ಣೆಯಂತೆ ಕರಗುತ್ತಿತ್ತು. ಅವನು ಪ್ರೀತಿಯಿಂದ ಕೊಟ್ಟ ಲೆನ್ಸೇ ತನ್ನ ಕಣ್ಣಿನ ಬಂಡವಾಳ ಬಯಲು ಮಾಡಬೇಕೇ…

‘ಅವ್ವಗ ಆದಂಗ ನನಗ ಆಗಬಾರದು. ರವಿವಾರದ ಮೊದಲ ನಾನ ಹೇಳತೇನಿ. ಅವರು ಬ್ಯಾಡ ಅಂದ್ರೂ ಸೈ!’

ಆ ಸಂಜೆಯೇ ನಿಪ್ಪಾಣಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು, ಕೆಡವಿದಳು, ಮತ್ತೆ ಜೋಡಿಸಿದಳು. ಅಂಗಡಿಯ ಬಾಗಿಲಿಗೆ ಬಂದಾಗ ಅಭಿನಂದನ ಬೆನ್ನು ತಿರುಗಿಸಿ ಫೋನಿನಲ್ಲಿದ್ದ.

“ಈಗಿರೂದು ನೋಡಾಕ ಬಾಳ ಚಂದ ಐತಿ ಮಾಮಾ, ಸುಳ್ಳಲ್ಲ. ಆದ್ರ ಖರೆ ಹೇಳೂದಿಲ್ಲ. ಮೂರು ತಿಂಗಳಿಂದ ಮೋಸ ಮಾಡಾಕತ್ತೈತಿ! ಸ್ವಲ್ಪ ಮಂಕಿದ್ರೂ ನಡೀತೈತಿ, ಖರೆ ಹೇಳೂದು ಬೇಕು ನನಗ. ಬ್ಯಾರೆ ನೋಡ್ರಿ.”

ಪ್ರಾಜಕ್ತಾ ಮೆಟ್ಟಿಲ ಮೇಲೇ ಕಲ್ಲಾದಳು.

ಚಂದ ಐತಿ… ಖರೆ ಹೇಳೂದಿಲ್ಲ… ಬ್ಯಾರೆ ನೋಡ್ರಿ! ಹರೆಯದ ಹುಡುಗಿಯನ್ನು ‘ಬಂತು, ಹೋತು, ಐತಿ’ ಎನ್ನುವುದು ಆ ಸೀಮೆಯ ರೂಢಿ. ಅವಳಿಗೆ ಅನುಮಾನವೇ ಬರಲಿಲ್ಲ. ಅವನಿಗೆ ಎಲ್ಲಾ ಗೊತ್ತಾಗಿದೆ! ಅಪ್ಪನ ಮಾತೇ ಅವನ ಬಾಯಲ್ಲೂ ಬಂದಿದೆ!

ಬಂದ ದಾರಿಯಲ್ಲೇ ತಿರುಗಿದಳು. ಬಸ್ಸಿನ ಕಿಟಕಿಗೆ ಹಣೆ ಒತ್ತಿ, ಸೆರಗಿನ ತುದಿ ಕಚ್ಚಿಕೊಂಡು ಅತ್ತಳು. ಅಳುವಿಗೆ ಹೊರಗಿನ ದೀಪಗಳೆಲ್ಲಾ ಕಲಸಿಹೋದವು. ‘ನೋಡು, ಮಂಜು ಇನ್ನೂ ಹೆಚ್ಚಾತು…’ ಎಂದು ಅದಕ್ಕೂ ಹೆದರಿದಳು.

ಮೊಬೈಲಿನಲ್ಲಿ ಬರೆದು ಕಳಿಸಿದಳು: “ರವಿವಾರ ಬರಬ್ಯಾಡ್ರಿ. ಬ್ಯಾರೆ ನೋಡ್ಕೋರಿ.” ಅವನಿಂದ ಮೇಲಿಂದ ಮೇಲೆ ಫೋನು. ಎತ್ತಲಿಲ್ಲ. ಕೊನೆಗೆ ಆರಿಸಿಯೇ ಬಿಟ್ಟಳು.

ಮರುದಿನ ಸ್ಟುಡಿಯೋದ ಬಾಗಿಲು ತೆರೆಯುವಷ್ಟರಲ್ಲಿ ಅವನ ಬೈಕು ಬಂದು ನಿಂತಿತು. ಅವನ ಕಣ್ಣುಗಳು ಕೆಂಪಾಗಿದ್ದವು.

“ನಾ ಏನ್ ತಪ್ಪ ಮಾಡೇನಿ? ಅದನ್ನರ ಹೇಳು ಪ್ರಾಜು!”

“ನೀವಲ್ರಿ… ನಾನ. ಖರೆ ಹೇಳದನ ಮೂರು ತಿಂಗಳು ಮೋಸ ಮಾಡೇನಿ. ನಿಮ್ಮ ಬಾಯಿಂದನ ಕೇಳೇನಿ ನಾ! ಚಂದ ಐತಿ, ಖರೆ ಹೇಳೂದಿಲ್ಲ, ಬ್ಯಾರೆ ನೋಡ್ರಿ ಅಂತ ಮಾಮಾಗ ಹೇಳಾಕತ್ತಿದ್ರಿ!”

ಅಭಿನಂದನ ಜೇಬಿನಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯೊಂದನ್ನು ತೆಗೆದು ಅವಳ ಮುಂದಿಟ್ಟ.

“ಕ್ಯಾಮೆರಾ ಸಾಮಾನ ಮಾರೂ ಮಾಮಾಗ ಇದನ್ನ ಬ್ಯಾರೆ ನೋಡ್ರಿ ಅಂದಿದ್ದೆ, ಹುಚ್ಚಿ! ನಿನ್ನ ಕ್ಯಾಮೆರಾದಾಗ ಇಣುಕಿದಾಗ ಚಿತ್ರ ಮೂಡತೈತೆಲ್ಲ, ಆ ಗಾಜು… ಫೋಕಸಿಂಗ್ ಸ್ಕ್ರೀನ್! ರಾತ್ರೀನ ಮಾಮಾನ ಕಡಿಂದ ತಂದೆ.”

“ಏನು?”

“ಈಗಿರೂ ಗಾಜು ಬೆಳಕ ಹೆಚ್ಚ ತೋರಸಾಕಂತ ಮಾಡಿದ್ದು. ನಿನ್ನ ಮೊದಲಿನ ಲೆನ್ಸಿಗೆ ನಡೀತಿತ್ತು. ನಾ ಕೊಟ್ಟ ಲೆನ್ಸಿಗೆ ಮೂಗು, ಕಣ್ಣು, ಕಿವಿ ಎಲ್ಲಾ ಒಮ್ಮೆಲೆ ಸ್ವಚ್ಛ ಐತಿ ಅಂತ ಸುಳ್ಳ ಹೇಳತೈತಿ. ನೀ ಸ್ಟೇಟಸ್ಸಿಗೆ ಹಾಕಿದ ಫೋಟೋ ನೋಡೇ ನನಗ ತಿಳೀತು. ಲೆನ್ಸ್ ಕೊಟ್ಟಾವ ನಾನ, ತಪ್ಪ ನಂದ! ಇದು ಒರಟ ಗಾಜು. ಸ್ವಲ್ಪ ಮಂಕ. ಆದ್ರ ಖರೆ ಹೇಳತೈತಿ.”

ಪ್ರಾಜಕ್ತಾ ಕ್ಯಾಮೆರಾ ತಂದುಕೊಟ್ಟು ಕುರ್ಚಿಯ ಮೇಲೆ ಕುಳಿತಳು. ಅವನು ಚಿಮಟದಿಂದ ಹಳೆಯ ಗಾಜು ತೆಗೆದು, ಉಸಿರು ಬಿಗಿಹಿಡಿದು ಹೊಸದನ್ನು ಕೂರಿಸಿದ.

“ನಡುವ ಚಿತ್ರ ಎರಡು ತುಂಡಾಗಿ ಕಂಡು, ಫೋಕಸ್ ಆದಾಗ ಕೂಡೂ ಗಾಜೂ ಸಿಗತಿತ್ತು. ಮಂದಿ ಅದನ್ನ ಸಲೀಸು ಅಂತಾರ. ಆದ್ರ ನೀ ಎಂದರ ಮುಖಾ ನಡುವ ಇಡತೀ ಏನು? ಯಾವಾಗಲೂ ಬಾಜೂಕ. ಅದಕ್ಕ ಅದನ್ನ ಬ್ಯಾಡ ಅಂದೆ.”

ತಾನು ಮುಖವನ್ನು ಎಲ್ಲಿಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ… ಅವನಿಗೆ ಗೊತ್ತಿತ್ತು!

“ಅತ್ತೀ, ಸ್ವಲ್ಪ ಈ ಕಡೆ ಮುಖಾ ಮಾಡ್ರಿ.” ಕ್ಯಾಮೆರಾ ಪ್ರಾಜಕ್ತಾಳ ಕೈಗೆ ಕೊಟ್ಟು, ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಸುಂದರಾಗೆ ಅಭಿನಂದನ ಹೇಳಿದ.

“ನನ್ನ ಮಾರಿ ಏನ್ ತಗೀತೀರಿ ಯಪ್ಪಾ, ಫೋಟೋ ನೋಡಿ ಹೆಣ್ಣ ಕೇಳಾಕ ಯಾರ್ ಬರಾವ್ರದಾರ?” ಎನ್ನುತ್ತಲೇ ಸುಂದರಾ ಸೆರಗು ಸರಿಮಾಡಿಕೊಂಡಳು.

ಪ್ರಾಜಕ್ತಾ ಇಣುಕಿದಳು. ಮಸುಕು… ಲೆನ್ಸ್ ತಿರುಗಿಸಿದಳು. ಮೂಗು ಬಂತು, ಹೋಯಿತು. ಆಮೇಲೆ ಗಕ್ಕನೆ ಅವ್ವನ ರೆಪ್ಪೆಗಳು! ಒಂದೊಂದೂ ಬೇರೆ ಬೇರೆ!

ಫೋಟೋದಲ್ಲೂ ಹಾಗೆಯೇ. ಬೆಳಕು ಕಾಣದ ಆ ಕಣ್ಣುಗಳು ಅವಳನ್ನೇ ನೋಡುತ್ತಿರುವಷ್ಟು ಸ್ವಚ್ಛ.

ತಡೆದಿಟ್ಟಿದ್ದೆಲ್ಲಾ ಒಡೆಯಿತು. ಅವ್ವನ ಕಣ್ಣು, ತನ್ನ ಭಯ, ಅಪ್ಪನ ಮಾತು ಎಲ್ಲವನ್ನೂ ಬಿಕ್ಕುತ್ತಾ ಹೇಳಿದಳು. ಸುಂದರಾಳ ಬೆರಳುಗಳು ಬೆಳ್ಳುಳ್ಳಿಯ ಮೇಲೆ ನಿಂತುಬಿಟ್ಟವು.

“ಗಾಜಿನ ತಪ್ಪು ಗಾಜಿಂದು. ನನ್ನ ಕಣ್ಣು ನಾಳಿ ಖರೇನ ಹೋದ್ರ?” ಪ್ರಾಜಕ್ತಾ ಅವನನ್ನು ಕೇಳಿದಳು.

“ಮಿರಜಿನ ಕಣ್ಣಿನ ದವಾಖಾನಿಗೆ ಹೋಗೂಣು. ಡಾಕ್ಟರು ಏನ್ ಹೇಳತಾರ ಇಬ್ರೂ ಕುಂತ ಕೇಳೂಣು.”

“ಹೋಗತಾವ ಅಂದ್ರ?”

ಅಭಿನಂದನ ಅವಳ ಮುಂದೆ ನೆಲದ ಮೇಲೆ ಕುಳಿತ.

“ನಿನ್ನಿ ಬಾಗಿಲ್ದಾಗ ನಿಂತ ಕೇಳಿದೀ, ಆದ್ರ ಬೇಕಾದ್ದನ್ನ ಬಿಟ್ಟ ಕೇಳಿದೀ. ಸ್ವಲ್ಪ ಮಂಕಿದ್ರೂ ನಡೀತೈತಿ, ಖರೆ ಹೇಳೂದು ಬೇಕು ನನಗ ಅಂದಿದ್ದೆ. ಅದು ಗಾಜಿಗೆ ಹೇಳಿದ್ದು. ಈಗ ನಿನಗ ಹೇಳಾಕತ್ತೇನಿ.”

“…ಖರೆ ಹೇಳ್ಲ್ಯಾ?”

“ಹೇಳು.”

“ರವಿವಾರ ಬರ್ರಿ.”

ಸುಂದರಾ ಎದ್ದಳು. ಗೋಡೆ ತಡವುತ್ತಾ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸಕ್ಕರೆ ಡಬ್ಬಿಯ ಮುಚ್ಚಳ ತೆರೆದ ಸದ್ದು ಟಣ್ಣೆಂದು ಹೊರಗೆ ಕೇಳಿಸಿತು.